ಅಂಗಾಲಿನ ಕಪ್ಪು ಕಲೆ: ಆಣಿಯೆಂದು ಬಿಟ್ಟುಬಿಡಬೇಡಿ

ದಿನಕ್ಕೆ ಐದು ಬಾರಿ ನಾವು ಪಾದ ತೊಳೆಯುತ್ತೇವೆ. ಬೆರಳ ಸಂದುಗಳಿಗೆ ಕಿರುಬೆರಳು ಹಾಕಿ ಖಿಲಾಲ್ ಮಾಡುತ್ತೇವೆ. ಹಿಮ್ಮಡಿಯ ಚರ್ಮ ಎಲ್ಲಿಯೂ ಒಣಗಿ ಉಳಿಯದಂತೆ ಎಚ್ಚರ ವಹಿಸುತ್ತೇವೆ. ಆದರೆ ನಿಮ್ಮ ಬಲಗಾಲಿನ ಅಂಗಾಲಿನಲ್ಲಿ ಎಷ್ಟು ಮಚ್ಚೆಗಳಿವೆ ಎಂದು ಈಗ ಕೇಳಿದರೆ ನಿಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲಿರಿ? ನೀರು ಅಂಗಾಲನ್ನು ಮುಟ್ಟುತ್ತದೆ, ಕೈಯೂ ಮುಟ್ಟುತ್ತದೆ, ಕಣ್ಣು ಮಾತ್ರ ಮುಟ್ಟುವುದಿಲ್ಲ. ವೈದ್ಯನಾದ ನಾನೂ ಬಹಳ ಕಾಲ ಹಾಗೆಯೇ ಇದ್ದೆ.

ಕೆಲವು ವರ್ಷಗಳ ಹಿಂದೆ ಜಗಳೂರಿನ ನನ್ನ ದವಾಖಾನೆಗೆ ಅರವತ್ತು ದಾಟಿದ ಒಬ್ಬ ಖಾಲಾ ಬಂದರು. ಮೊಮ್ಮಗನ ಅಕೀಕಾ ಮುಗಿದು ವಾರವಾಗಿತ್ತು. ಅಂಗಾಲಿಗೆಲ್ಲ ಮೆಹಂದಿ ಹಚ್ಚಿದ್ದರು. ಹಿಮ್ಮಡಿಯ ಮುಂದೆ ಹೆಬ್ಬೆರಳ ಉಗುರಿನಷ್ಟು ಜಾಗ ದಪ್ಪಗಾಗಿ ಕಪ್ಪಾಗಿತ್ತು. “ಶೇಂಗಾ ಕೀಳುವಾಗ ಜಾಲಿಮುಳ್ಳು ಮುರಿದು ಒಳಗೇ ಉಳಿದಿದೆ ಹಕೀಮ್ ಸಾಬ್, ಆಣಿ ಕಟ್ಟಿದೆ” ಎಂದರು. ನಾನು ಒಪ್ಪಿಕೊಂಡೆ. ನಮ್ಮ ಕಡೆ ಜಾಲಿಮುಳ್ಳು ಚುಚ್ಚದ ಕಾಲು ಯಾವುದಿದೆ? ಮೇಲಿನ ಗಡಸು ಚರ್ಮವನ್ನು ಸ್ವಲ್ಪ ಹೆರೆದು, ಮರ್ಹಮ್ ದಾಖಿಲಿಯೂನ್ ಕೊಟ್ಟು, ಹದಿನೈದು ದಿನ ಬಿಟ್ಟು ಬನ್ನಿ ಎಂದೆ. ಅವರು ಬಂದದ್ದು ಆರು ವಾರದ ಮೇಲೆ. ಆಗ ಮೆಹಂದಿ ಹೋಗಿತ್ತು. ಕಪ್ಪು ಜಾಗದ ಅಂಚು ಒಂದು ಕಡೆ ಮಸಿ ಚೆಲ್ಲಿದ ಹಾಗೆ ಹರಡಿತ್ತು, ನಡುವೆ ಹುಣ್ಣಾಗಿ ರಕ್ತ ಒಸರುತ್ತಿತ್ತು. ತೊಡೆಸಂದಿನಲ್ಲಿ ಏನಾದರೂ ಗಂಟು ಇದೆಯೇ ಎಂದು ಕೇಳಿದೆ. ಸಂಕೋಚದಿಂದ ತಲೆ ಬಗ್ಗಿಸಿದರು. ಪರದೆಯ ಹಿಂದೆ ಮಗಳಿಂದ ಮುಟ್ಟಿಸಿ ನೋಡಿದಾಗ, ಅಡಿಕೆ ಗಾತ್ರದ ಗಟ್ಟಿ ಗಂಟು. ಅದು ಬಂದು ಎರಡು ತಿಂಗಳಾಗಿತ್ತಂತೆ. ಕಾಲಿನ ಮುಳ್ಳಿಗೂ ತೊಡೆಸಂದಿನ ಗಂಟಿಗೂ ಏನು ಸಂಬಂಧ ಎಂದು ಹೇಳಿರಲಿಲ್ಲ.

ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್. ದಾವಣಗೆರೆಯಲ್ಲಿ ಬಯಾಪ್ಸಿ, ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅವರು ಒಂದೂವರೆ ವರ್ಷ ನಮ್ಮ ನಡುವೆ ಇದ್ದರು. ಆಯುಸ್ಸು ಅಲ್ಲಾಹನ ಕೈಯಲ್ಲಿದೆ, ಅದು ನಿಜ. ಆದರೆ ಮೊದಲ ದಿನವೇ ಆ ಕಾಲನ್ನು ತೊಳೆಸಿ, ಬಾಗಿಲ ಬೆಳಕಿನಲ್ಲಿ ಕಣ್ಣಿಟ್ಟು ನೋಡುವುದು ನನ್ನ ಕೈಯಲ್ಲಿತ್ತು. ಈ ಲೇಖನ ಬರೆಯುತ್ತಿರುವುದು ಅದಕ್ಕೇ.

ಇದು ಎಂಥ ಕಾಯಿಲೆ?

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ವಸ್ತುವಿನ ಹೆಸರು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳು ಹತೋಟಿ ತಪ್ಪಿ ಬೆಳೆದರೆ ಮೆಲನೋಮ. ಚರ್ಮದ ಕ್ಯಾನ್ಸರ್‌ಗಳಲ್ಲಿ ಬೇರೆ ಬಗೆಯವೂ ಇವೆ. ಅವುಗಳಲ್ಲಿ ಹಲವು ನಿಧಾನವಾಗಿ ಬೆಳೆದು ಇದ್ದಲ್ಲಿಯೇ ಇರುತ್ತವೆ. ಮೆಲನೋಮ ಹಾಗಲ್ಲ. ಒಂದೆರಡು ಮಿಲಿಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಅದು ದುಗ್ಧರಸದ ನಾಳಗಳ ಮೂಲಕ ತೊಡೆಸಂದಿಗೋ ಕಂಕುಳಿಗೋ ಹೋಗಬಲ್ಲದು. ಅಲ್ಲಿಂದ ಶ್ವಾಸಕೋಶ, ಯಕೃತ್ತು, ಮೆದುಳು.

ಬಿಳಿ ಚರ್ಮದವರಲ್ಲಿ, ಮುಖ್ಯವಾಗಿ ಆಸ್ಟ್ರೇಲಿಯಾದಂಥ ದೇಶಗಳಲ್ಲಿ, ಇದು ಬಿಸಿಲಿನಿಂದ ಬರುವ ಕಾಯಿಲೆ. ಬೆನ್ನು, ತೋಳು, ಕಾಲುಗಳ ಮೇಲೆ ಏಳುತ್ತದೆ. ನಮ್ಮ ಕಂದು ಚರ್ಮದಲ್ಲಿರುವ ಮೆಲನಿನ್ ಬಿಸಿಲನ್ನು ತಡೆಯುವುದರಿಂದ ಭಾರತದಲ್ಲಿ ಮೆಲನೋಮ ವಿರಳ. ಆದರೆ ಬಂದಾಗ ಬಿಸಿಲೇ ಕಾಣದ ಜಾಗಗಳಲ್ಲಿ ಬರುತ್ತದೆ: ಅಂಗಾಲು, ಅಂಗೈ, ಉಗುರಿನ ಬುಡ. ಇದಕ್ಕೆ ವೈದ್ಯರು ಏಕ್ರಲ್ ಮೆಲನೋಮ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಏಕ್ರಲ್ ಎಂದರೆ ತುದಿಯದು, ಕೈಕಾಲುಗಳ ತುದಿ ಎಂಬ ಅರ್ಥ. ಬಿಸಿಲಿಗೂ ಇದಕ್ಕೂ ನಂಟಿಲ್ಲ. ಆದ್ದರಿಂದ ಬುರ್ಖಾ ಧರಿಸುವವರಿಗೆ, ಮನೆಯೊಳಗೇ ಇರುವವರಿಗೆ ಇದು ಬರುವುದಿಲ್ಲ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಐವತ್ತು ದಾಟಿದವರಲ್ಲಿ ಹೆಚ್ಚು. ಗಂಡಸರು, ಹೆಂಗಸರು ಇಬ್ಬರಿಗೂ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಲ್ಲ, ಒಂದೇ ಚಾಪೆ, ಒಂದೇ ಮುಸಲ್ಲಾ ಬಳಸಿದರೆ ಏನೂ ಆಗುವುದಿಲ್ಲ.

ಬಾಬ್ ಮಾರ್ಲಿ ಎಂಬ ಜಮೈಕಾ ದೇಶದ ಗಾಯಕನ ಚಿತ್ರ ನಮ್ಮೂರ ಹುಡುಗರ ಬೈಕುಗಳ ಮೇಲೂ ಇರುತ್ತದೆ. ಅವನು ಯಾರು, ಹೇಗೆ ಸತ್ತ ಎಂದು ಆ ಹುಡುಗರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. 1977ರಲ್ಲಿ ಅವನ ಬಲಗಾಲಿನ ಹೆಬ್ಬೆರಳ ಉಗುರಿನ ಕೆಳಗೆ ಇದೇ ಕ್ಯಾನ್ಸರ್ ಪತ್ತೆಯಾಯಿತು. ಅದಕ್ಕೆ ಮುಂಚೆ ಫುಟ್‌ಬಾಲ್ ಆಡುವಾಗ ಆದ ಗಾಯ ಎಂದೇ ತಿಳಿದಿದ್ದರು. ಬೆರಳು ತೆಗೆಸಿಕೊಳ್ಳಲು ವೈದ್ಯರು ಹೇಳಿದರು, ಅವನು ಒಪ್ಪಲಿಲ್ಲ. ಉಗುರಿನ ಭಾಗವನ್ನಷ್ಟೇ ತೆಗೆಸಿ ಚರ್ಮದ ಕಸಿ ಮಾಡಿಸಿಕೊಂಡ. 1980ರಲ್ಲಿ ನ್ಯೂಯಾರ್ಕಿನಲ್ಲಿ ಓಡುತ್ತಿದ್ದಾಗ ಕುಸಿದು ಬಿದ್ದ. ಅಷ್ಟರಲ್ಲಿ ಕ್ಯಾನ್ಸರ್ ಮೆದುಳಿಗೆ ಮುಟ್ಟಿತ್ತು. ಜರ್ಮನಿಯಲ್ಲಿ ಪರ್ಯಾಯ ಚಿಕಿತ್ಸೆಗೆ ಹೋಗಿ ತಿಂಗಳುಗಟ್ಟಲೆ ಇದ್ದ, ಫಲ ಸಿಗಲಿಲ್ಲ. 1981ರ ಮೇ 11ರಂದು ತೀರಿಕೊಂಡ. ವಯಸ್ಸು 36. ದುಡ್ಡು, ಹೆಸರು, ಲೋಕದ ದೊಡ್ಡ ದೊಡ್ಡ ಡಾಕ್ಟರುಗಳು, ಎಲ್ಲ ಇದ್ದ ಮನುಷ್ಯ.

ನೋಡುವುದು ಹೇಗೆ?

ಕಾಲು ತೊಳೆದು ಒರೆಸಿ, ಹಗಲು ಬೆಳಕಿನಲ್ಲಿ ಕುಳಿತು ನೋಡಬೇಕು. ಒಬ್ಬರ ಅಂಗಾಲನ್ನು ಅವರೇ ನೋಡಿಕೊಳ್ಳುವುದು ಕಷ್ಟ. ಮಂಡಿನೋವಿರುವ ಹಿರಿಯರಿಗಂತೂ ಸಾಧ್ಯವೇ ಇಲ್ಲ. ಮಕ್ಕಳು, ಸೊಸೆಯಂದಿರು ನೋಡಲಿ. ಇಲ್ಲವೇ ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಕಾಲು ಹಿಡಿಯಿರಿ. ಮೆಹಂದಿ ಹಚ್ಚುವ ಅಭ್ಯಾಸವಿದ್ದರೆ ಹಚ್ಚುವ ಮುಂಚಿನ ದಿನ ನೋಡಿ. ಮೆಹಂದಿಯಿಂದ ಕ್ಯಾನ್ಸರ್ ಬರುತ್ತದೆ ಎಂದು ನಾನು ಹೇಳುತ್ತಿಲ್ಲ, ಅದರ ಬಣ್ಣದಡಿ ಕಲೆ ಮುಚ್ಚಿಹೋಗುತ್ತದೆ, ಅಷ್ಟೇ.

ನಮ್ಮ ಜನರ ಅಂಗಾಲಿನಲ್ಲಿ ತಿಳಿಕಂದು ಚುಕ್ಕೆಗಳು, ಹುಟ್ಟಿನಿಂದ ಬಂದ ಮಚ್ಚೆಗಳು ಇರುವುದು ಸಹಜ. ಎರಡೂ ಪಾದಗಳಲ್ಲಿ ಒಂದೇ ತೆರನಾಗಿ, ವರ್ಷಾನುಗಟ್ಟಲೆ ಬದಲಾಗದೆ ಇದ್ದರೆ ಹೆದರಬೇಕಿಲ್ಲ. ಹೊಸದಾಗಿ ಕಾಣಿಸಿಕೊಂಡದ್ದು, ಒಂದೇ ಕಾಲಿನಲ್ಲಿರುವುದು, ಬೆಳೆಯುತ್ತಿರುವುದು, ಇವು ಮೂರು ಮುಖ್ಯ. ಒಳ್ಳೆಯ ಮಚ್ಚೆಯನ್ನು ನಡುವೆ ಗೆರೆ ಎಳೆದು ಮಡಚಿದರೆ ಎರಡು ಅರ್ಧಗಳು ಹೆಚ್ಚುಕಡಿಮೆ ಹೊಂದುತ್ತವೆ. ಮೆಲನೋಮದ ಕಲೆ ಹೊಂದುವುದಿಲ್ಲ. ಅಂಚು ಒಂದು ಕಡೆ ಸ್ಪಷ್ಟ, ಇನ್ನೊಂದು ಕಡೆ ಮಸುಕು. ಒಂದೇ ಕಲೆಯಲ್ಲಿ ಕಂದು, ಕಡುಗಪ್ಪು, ಬೂದು, ನೀಲಿಗಪ್ಪು, ಕೆಲವೊಮ್ಮೆ ಕೆಂಪು. ಅಡ್ಡಗಲ 6 ಮಿಲಿಮೀಟರ್ ದಾಟಿದ್ದರೆ, ಅಂದರೆ ಪೆನ್ಸಿಲಿನ ಹಿಂಬದಿಗಿಂತ ದೊಡ್ಡದಿದ್ದರೆ, ತೋರಿಸಲೇಬೇಕು. ನೋವಿಲ್ಲ ಎಂಬ ಕಾರಣಕ್ಕೆ ಸುಮ್ಮನಿರಬೇಡಿ. ಆಣಿ ನೋಯುತ್ತದೆ, ಮುಳ್ಳು ನೋಯುತ್ತದೆ. ಇದು ಬಹಳ ದಿನ ನೋಯುವುದೇ ಇಲ್ಲ.

ಇನ್ನೊಂದು ಮೋಸವಿದೆ. ಕೆಲವು ಮೆಲನೋಮಗಳು ಕಪ್ಪಾಗಿರುವುದೇ ಇಲ್ಲ. ಗುಲಾಬಿ ಇಲ್ಲವೇ ಕೆಂಪು ಮಾಂಸದ ಮುದ್ದೆಯಂತೆ, ಮಾಯದ ಹುಣ್ಣಿನಂತೆ, ನರಹುಲಿಯಂತೆ ಕಾಣುತ್ತವೆ. ಸಕ್ಕರೆ ಕಾಯಿಲೆ ಇರುವವರ ಕಾಲಿನಲ್ಲಿ ಇಂಥದು ಆದರೆ ಎಲ್ಲರೂ ಸಕ್ಕರೆಯ ಹುಣ್ಣು ಎಂದೇ ಡ್ರೆಸ್ಸಿಂಗ್ ಮಾಡುತ್ತಾ ಹೋಗುತ್ತಾರೆ. ಸರಿಯಾಗಿ ಔಷಧಿ ನಡೆದೂ ಎರಡು ತಿಂಗಳಲ್ಲಿ ಮಾಯದ ಯಾವ ಹುಣ್ಣಾದರೂ, ಬಣ್ಣ ಯಾವುದೇ ಇರಲಿ, ಅದರಿಂದ ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು. ವೈದ್ಯರು ಹೇಳದಿದ್ದರೆ ನೀವೇ ಕೇಳಿ.

ಉಗುರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಸುಮ್ಮನೆ ಹೆದರುವವರೂ ಬಹಳ. ನಮ್ಮಂಥ ಬಣ್ಣದವರಲ್ಲಿ ಹಲವು ಉಗುರುಗಳಲ್ಲಿ ತೆಳುವಾದ ಕಂದು ಗೆರೆಗಳು ಬುಡದಿಂದ ತುದಿಯವರೆಗೆ ಇರುವುದು ಮಾಮೂಲು. ಆದರೆ ನಡುವಯಸ್ಸಿನ ಮೇಲೆ ಒಂದೇ ಒಂದು ಉಗುರಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ, ಹೊಸದಾಗಿ ಕಪ್ಪು ಪಟ್ಟಿ ಎದ್ದು, 3 ಮಿಲಿಮೀಟರ್‌ಗಿಂತ ಅಗಲವಾಗಿ, ಬುಡದ ಕಡೆ ಇನ್ನಷ್ಟು ಅಗಲವಾಗುತ್ತಾ ಬಂದರೆ ತಡಮಾಡಬೇಡಿ. ಆ ಕಪ್ಪು ಉಗುರನ್ನು ದಾಟಿ ಸುತ್ತಲಿನ ಚರ್ಮಕ್ಕೆ ಹರಡಿದ್ದರೆ ಅದು ಬಹಳ ದೊಡ್ಡ ಸುಳಿವು. ಇದನ್ನು ಮೊದಲು ಎತ್ತಿ ಹೇಳಿದ ಇಂಗ್ಲೆಂಡಿನ ಶಸ್ತ್ರವೈದ್ಯನ ಹೆಸರಿನಲ್ಲಿ ಹಚಿನ್ಸನ್ ಚಿಹ್ನೆ ಎನ್ನುತ್ತಾರೆ.

ಪೆಟ್ಟು ಬಿದ್ದು ಉಗುರಿನಡಿ ರಕ್ತ ಹೆಪ್ಪುಗಟ್ಟಿದರೂ ಕಪ್ಪಾಗುತ್ತದೆ. ಮೆಕ್ಕೆಜೋಳದ ಚೀಲ ಕಾಲಿನ ಮೇಲೆ ಬಿದ್ದಿದ್ದ ಹುಡುಗನೊಬ್ಬ ಮೊಬೈಲಿನಲ್ಲಿ ಏನೋ ಓದಿಕೊಂಡು ರಾತ್ರಿಯೆಲ್ಲ ನಿದ್ದೆಯಿಲ್ಲದೆ ನನ್ನ ಬಳಿ ಬಂದಿದ್ದ. ಕಪ್ಪಿನ ಹಿಂದಿನ ಅಂಚಿಗೆ ಸರಿಯಾಗಿ ಉಗುರಿನ ಮೇಲೆ ಸಣ್ಣ ಗೀರು ಹಾಕಿ, ತಿಂಗಳಿಗೊಮ್ಮೆ ಫೋಟೋ ತೆಗೆ ಎಂದೆ. ಉಗುರು ಬೆಳೆದ ಹಾಗೆ ಗೀರೂ ಕಪ್ಪೂ ಒಟ್ಟಿಗೆ ಮುಂದೆ ಸರಿದವು, ಬುಡದಲ್ಲಿ ಶುಭ್ರ ಉಗುರು ಬಂತು. ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಆದರೆ ರಕ್ತವಾಗಿದ್ದರೆ ಮೊದಲೆರಡು ತಿಂಗಳಲ್ಲೇ ಸರಿಯುವುದು ಕಾಣುತ್ತದೆ. ಕಪ್ಪು ಇದ್ದಲ್ಲಿಯೇ ಇದ್ದರೆ, ಇಲ್ಲವೇ ಬುಡದಿಂದ ಮತ್ತೆ ಮತ್ತೆ ಹುಟ್ಟುತ್ತಿದ್ದರೆ, ಅದು ರಕ್ತವಲ್ಲ.

ಚರ್ಮರೋಗ ತಜ್ಞರ ಬಳಿ ಡರ್ಮೋಸ್ಕೋಪ್ ಎಂಬ ಭೂತಗನ್ನಡಿಯಂಥ ಚಿಕ್ಕ ಸಾಧನ ಇರುತ್ತದೆ. ಹೆಬ್ಬೆಟ್ಟಿನ ಗುರುತಿನಲ್ಲಿ ಇರುವಂತೆ ಅಂಗಾಲಿನ ಚರ್ಮದಲ್ಲಿಯೂ ಗೆರೆಗಳಿವೆ, ಉತ್ತ ಹೊಲದ ಹಾಗೆ ಏರು ಮತ್ತು ಸಾಲು. ಸಾಮಾನ್ಯ ಮಚ್ಚೆಯ ಬಣ್ಣ ತಗ್ಗಿನ ಸಾಲುಗಳಲ್ಲಿ ನಿಂತಿರುತ್ತದೆ. ಮೆಲನೋಮದ ಬಣ್ಣ ಏರುಗಳ ಮೇಲೆ ಕಾಣುತ್ತದೆ. ಜಪಾನಿನಲ್ಲಿಯೂ ಅಂಗಾಲಿನ ಮೆಲನೋಮವೇ ಹೆಚ್ಚು, ಅಲ್ಲಿನ ವೈದ್ಯರು ಈ ವ್ಯತ್ಯಾಸವನ್ನು ಗುರುತಿಸಿ ಜಗತ್ತಿಗೆ ಕಲಿಸಿದರು. ಐದು ನಿಮಿಷದ ಪರೀಕ್ಷೆ. ಕತ್ತಿ ಇಲ್ಲ, ಸೂಜಿ ಇಲ್ಲ.

ಏನು ಹಚ್ಚಬಾರದು

ಆಣಿ, ನರಹುಲಿ ಎಂದುಕೊಂಡು ಜನ ಮಾಡುವ ಪ್ರಯೋಗಗಳನ್ನು ನಾನು ದಿನವೂ ನೋಡುತ್ತೇನೆ. ಎಕ್ಕದ ಹಾಲು ಹಚ್ಚುತ್ತಾರೆ. ಸುಣ್ಣ ಮತ್ತು ಸೋಡಾ ಕಲಸಿ ಇಡುತ್ತಾರೆ. ಕರಿಗೇರಿನ ಎಣ್ಣೆಯಿಂದ ಸುಡುತ್ತಾರೆ. ಮೆಡಿಕಲ್ ಶಾಪಿನಿಂದ ಕಾರ್ನ್ ಕ್ಯಾಪ್ ತಂದು ಅಂಟಿಸುತ್ತಾರೆ. ಬ್ಲೇಡಿನಿಂದ ಹೆರೆಯುತ್ತಾರೆ. ನಿಜವಾದ ಆಣಿಗೆ ಕಾರ್ನ್ ಕ್ಯಾಪ್ ತಪ್ಪಲ್ಲ, ಆದರೆ ಕಪ್ಪು ಇರುವ ಜಾಗಕ್ಕೆ ಇವು ಯಾವುವೂ ಬೇಡ. ಇವುಗಳಿಂದ ಮೇಲಿನ ಪದರ ಸುಟ್ಟು, ಒಳಗೆ ಕ್ಯಾನ್ಸರ್ ಬೆಳೆಯುತ್ತಲೇ ಇರುತ್ತದೆ. ಆಮೇಲೆ ಬಯಾಪ್ಸಿ ಮಾಡಿದರೂ ಎಷ್ಟು ಆಳವಿತ್ತು ಎಂಬುದು ಸರಿಯಾಗಿ ತಿಳಿಯುವುದಿಲ್ಲ.

ಹಿಜಾಮ ಮಾಡುವವರಿಗೂ ಜಿಗಣೆ ಬಿಡುವವರಿಗೂ ಒಂದು ಮಾತು. ಹಿಜಾಮ ಸುನ್ನತ್, ನಾನೂ ಮಾಡುತ್ತೇನೆ. ಆದರೆ ಕಪ್ಪು ಕಲೆಯ ಮೇಲಾಗಲೀ ಅದರ ಸುತ್ತಲಾಗಲೀ ಕಪ್ ಇಡಬಾರದು, ಗೀರು ಹಾಕಬಾರದು. ತೊಡೆಸಂದಿನ ಗಂಟು ತೆಗೆಸಿಕೊಂಡ ಮೇಲೆ ಊದಿಕೊಂಡ ಕಾಲಿಗಂತೂ ಎಂದಿಗೂ ಬೇಡ. ಅಂಥ ಕಾಲಿಗೆ ಸಣ್ಣ ಗೀರು ಸಾಕು, ಸೋಂಕು ತಗುಲಿ ಜ್ವರ ಬರಲು.

ಬಯಾಪ್ಸಿ ಎಂದರೆ ಹೆದರಿಕೆ

ಕ್ಯಾನ್ಸರಿಗೆ ಕತ್ತಿ ತಾಗಿದರೆ ಹರಡುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಖಾಲಾ ಅವರ ಮನೆಯಲ್ಲೂ ಇದೇ ಮಾತಿನ ಮೇಲೆ ಹತ್ತು ದಿನ ಹೋಯಿತು. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಮೆಲನೋಮ ಹರಡುವುದಿಲ್ಲ. ಜನ ಹಾಗೆ ಅಂದುಕೊಳ್ಳಲು ಕಾರಣವಿದೆ: ತಡವಾಗಿ, ಆಗಲೇ ಹರಡಿದ ಮೇಲೆ ಬಯಾಪ್ಸಿಗೆ ಹೋಗುತ್ತಾರೆ. ಆಮೇಲೆ ರೋಗ ಹೆಚ್ಚಾದಾಗ ದೂರು ಬಯಾಪ್ಸಿಯ ಮೇಲೆ ಬರುತ್ತದೆ.

ಕಲೆ ಚಿಕ್ಕದಾಗಿದ್ದರೆ ಅದರ ಸುತ್ತ ಒಂದೆರಡು ಮಿಲಿಮೀಟರ್ ಸೇರಿಸಿ ಇಡಿಯಾಗಿಯೇ ತೆಗೆಯುತ್ತಾರೆ. ದೊಡ್ಡದಿದ್ದರೆ ಎಲ್ಲಕ್ಕಿಂತ ದಪ್ಪಗಿರುವ ಕಡೆಯಿಂದ ಚರ್ಮದ ಪೂರ್ತಿ ಆಳದ ತುಣುಕು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುವ ಕೆಲಸ, ಅಂದೇ ಮನೆಗೆ ಬರಬಹುದು. ತುಣುಕು ಫಾರ್ಮಲಿನ್‌ನಲ್ಲಿ ಮುಳುಗಿ ಪೆಥಾಲಜಿ ವಿಭಾಗಕ್ಕೆ ಹೋಗಬೇಕು. ಯಾರಾದರೂ ಕಪ್ಪು ಆಣಿಯನ್ನು ಕತ್ತರಿಸಿ ತೆಗೆದರೆ ಅದನ್ನು ಕಸದ ಬುಟ್ಟಿಗೆ ಹಾಕಲು ಬಿಡಬೇಡಿ, ಪರೀಕ್ಷೆಗೆ ಕಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. ವರದಿ ಬಂದಾಗ ಅದರ ಜೊತೆ ಪ್ಯಾರಫಿನ್ ಬ್ಲಾಕ್ ಮತ್ತು ಸ್ಲೈಡುಗಳನ್ನೂ ಪಡೆದು ಜೋಪಾನ ಮಾಡಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ ಅದನ್ನು. ಮನೆಯಲ್ಲಿ ಮರೆತು ಹೋದವರು ಜಗಳೂರಿಗೆ ಮತ್ತೆ ಬಂದು ಹೋಗಬೇಕಾಗುತ್ತದೆ.

ವರದಿಯಲ್ಲಿ ಬ್ರೆಸ್ಲೋ ದಪ್ಪ ಎಂದು ಒಂದು ಅಂಕಿ ಇರುತ್ತದೆ. ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ಇದರ ಮಹತ್ವ ತೋರಿಸಿದರು. ಗಡ್ಡೆ ಚರ್ಮದ ಮೇಲಿನಿಂದ ಎಷ್ಟು ಮಿಲಿಮೀಟರ್ ಕೆಳಗಿಳಿದಿದೆ ಎಂಬ ಅಳತೆ. ಕಲೆ ಎಷ್ಟು ಅಗಲ ಎಂಬುದಕ್ಕಿಂತ ಎಷ್ಟು ಆಳ ಎಂಬುದೇ ರೋಗಿಯ ಮುಂದಿನ ದಿನಗಳನ್ನು ಹೇಳುತ್ತದೆ. ಒಂದು ಮಿಲಿಮೀಟರ್ ಒಳಗಿದ್ದಾಗ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ನಾಲ್ಕು ಮಿಲಿಮೀಟರ್ ದಾಟಿದರೆ ಮಾತು ಬೇರೆ. ನಾನು ಆರು ವಾರ ಎಂದು ಕೊರಗುವುದು ಈ ಮಿಲಿಮೀಟರುಗಳ ಲೆಕ್ಕದಿಂದ.

ಚಿಕಿತ್ಸೆ

ಮೂಲ ಚಿಕಿತ್ಸೆ ಆಪರೇಷನ್. ಒಂದು ಮಿಲಿಮೀಟರ್ ಒಳಗಿನ ಗಡ್ಡೆಗೆ ಸುತ್ತ 1 ಸೆಂಟಿಮೀಟರ್ ಒಳ್ಳೆಯ ಚರ್ಮ ಸೇರಿಸಿ, ಎರಡು ಮಿಲಿಮೀಟರ್ ದಾಟಿದ್ದರೆ 2 ಸೆಂಟಿಮೀಟರ್ ಸೇರಿಸಿ ತೆಗೆಯುತ್ತಾರೆ. ಇಷ್ಟು ಚಿಕ್ಕ ಕಲೆಗೆ ಇಷ್ಟು ದೊಡ್ಡ ಗಾಯವೇ ಎಂದು ಮನೆಯವರು ಸಿಟ್ಟಾಗುತ್ತಾರೆ, ಕಾರಣ ಇದು. ಅಂಗಾಲಿನ ಚರ್ಮ ಎಳೆದು ಹೊಲಿಯಲು ಬರುವುದಿಲ್ಲ, ತೊಡೆಯಿಂದ ಚರ್ಮ ತೆಗೆದು ಕಸಿ ಮಾಡಬೇಕಾಗುತ್ತದೆ. ಉಗುರಿನಡಿಯದಾದರೆ ಬೆರಳಿನ ತುದಿಯೋ ಇಡೀ ಬೆರಳೋ ಹೋಗಬಹುದು. ಕಾಲಿನ ಒಂದು ಬೆರಳು ಇಲ್ಲದೆಯೂ ಮನುಷ್ಯ ನಡೆಯುತ್ತಾನೆ, ಉಳುತ್ತಾನೆ, ಸಫ್‌ನಲ್ಲಿ ನಿಂತು ನಮಾಝ್ ಮಾಡುತ್ತಾನೆ.

ತೊಡೆಸಂದಿನಲ್ಲಿ ಗಂಟು ಕೈಗೆ ಸಿಗದಿದ್ದರೂ, ಗಡ್ಡೆ ಆಳವಾಗಿದ್ದರೆ, ಬಣ್ಣ ಅಥವಾ ವಿಕಿರಣ ದ್ರವ ಚುಚ್ಚಿ ಅದು ಮೊದಲು ಸೇರುವ ಗ್ರಂಥಿ ಯಾವುದೆಂದು ಹುಡುಕಿ, ಆ ಒಂದನ್ನು ತೆಗೆದು ನೋಡುತ್ತಾರೆ. ಗಂಟು ಈಗಾಗಲೇ ದೊಡ್ಡದಾಗಿದ್ದರೆ ಅಲ್ಲಿನ ಗ್ರಂಥಿಗಳನ್ನೆಲ್ಲ ತೆಗೆಯಬೇಕಾಗಬಹುದು. ಅದರಿಂದ ಕಾಲು ಊದುವ ತೊಂದರೆ ಜೀವನವಿಡೀ ಉಳಿಯಬಹುದು, ಬಿಗಿಯಾದ ಕಾಲುಚೀಲ ಮತ್ತು ವ್ಯಾಯಾಮದಿಂದ ಹತೋಟಿಯಲ್ಲಿಡಬೇಕು.

ಹರಡಿದ ರೋಗಕ್ಕೆ ಹಳೆಯ ಕೀಮೋಥೆರಪಿಯಿಂದ ಆಗುತ್ತಿದ್ದದ್ದು ಅಲ್ಪ. ಈಗ ದೇಹದ ರೋಗನಿರೋಧಕ ಶಕ್ತಿಯ ಬ್ರೇಕನ್ನು ತೆಗೆದು ಅದೇ ಕ್ಯಾನ್ಸರಿನ ಮೇಲೆ ಬೀಳುವಂತೆ ಮಾಡುವ ಔಷಧಿಗಳು ಬಂದಿವೆ: ನಿವೋಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್. ಈ ದಾರಿ ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಬಿಸಿಲಿನ ಮೆಲನೋಮಕ್ಕೆ ಇವು ಕೊಡುವಷ್ಟು ಫಲವನ್ನು ಅಂಗಾಲಿನ ಮೆಲನೋಮಕ್ಕೆ ಕೊಡುವುದಿಲ್ಲ. ಖರ್ಚು ಲಕ್ಷಗಳ ಲೆಕ್ಕದಲ್ಲಿದೆ. ಮನೆ, ಹೊಲ ಮಾರುವ ಮುಂಚೆ, ಇದರಿಂದ ನಮ್ಮ ರೋಗಿಗೆ ಎಷ್ಟು ಲಾಭ ನಿರೀಕ್ಷಿಸಬಹುದು ಎಂದು ವೈದ್ಯರನ್ನು ನೇರವಾಗಿ ಕೇಳಿ. ಕೇಳುವುದು ಅವಿಶ್ವಾಸವಲ್ಲ.

ಯುನಾನಿ ಏನು ಮಾಡಬಲ್ಲದು?

ಈ ಪ್ರಶ್ನೆ ನನಗೆ ಎಲ್ಲಕ್ಕಿಂತ ಹೆಚ್ಚು ಬರುತ್ತದೆ. ನಮ್ಮ ಶಾಸ್ತ್ರದಲ್ಲಿ ಕ್ಯಾನ್ಸರಿಗೆ ಸರತಾನ್ ಎನ್ನುತ್ತಾರೆ, ಅರಬಿಯಲ್ಲಿ ಏಡಿ ಎಂದರ್ಥ. ಅದು ಸೌದಾ, ಅಂದರೆ ಕಪ್ಪು ಪಿತ್ತದ ವಿಕಾರ ಎಂದು ಹಳಬರು ವಿವರಿಸಿದರು. ಗ್ರೀಕಿನಲ್ಲಿ ಕಪ್ಪಿಗೆ ಮೆಲಾಸ್. ಮೆಲನೋಮ ಎಂಬ ಹೆಸರೂ, ನಮ್ಮ ಕಿತಾಬುಗಳಲ್ಲಿ ಬರುವ ಮಾಲಿಖೂಲಿಯಾ ಎಂಬ ಮನೋರೋಗದ ಹೆಸರೂ ಆ ಒಂದೇ ಪದದಿಂದ ಬಂದವು. ಆದರೆ ಹೆಸರು ಹೊಂದಿತು ಎಂದು ಸೌದಾ ಇಳಿಸುವ ಔಷಧಿ ಕೊಟ್ಟರೆ ಮೆಲನೋಮ ಇಳಿಯುವುದಿಲ್ಲ.

ಹಳಬರು ಇದನ್ನು ನಮಗಿಂತ ಪ್ರಾಮಾಣಿಕವಾಗಿ ಹೇಳಿದ್ದಾರೆ. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ ಅಲ್-ಕಾನೂನ್‌ನಲ್ಲಿ, ಸರತಾನ್ ಚಿಕ್ಕದಾಗಿದ್ದು ಕೈಗೆಟುಕುವ ಜಾಗದಲ್ಲಿದ್ದರೆ ಸುತ್ತಲಿನ ಭಾಗವನ್ನೂ ಸೇರಿಸಿ ಪೂರ್ತಿ ಕತ್ತರಿಸಿ ತೆಗೆಯಬಹುದು ಎಂದರು. ಇಂದಿನ ಶಸ್ತ್ರವೈದ್ಯರು ಹೇಳುವುದೂ ಅದನ್ನೇ. ಸ್ಪೇನಿನ ಅಬುಲ್ ಕಾಸಿಮ್ ಅಲ್-ಝಹ್ರಾವಿ, ಬೆಳೆದು ದೊಡ್ಡದಾದ ಸರತಾನನ್ನು ತಾವೂ ಗುಣಪಡಿಸಿಲ್ಲ, ಗುಣಪಡಿಸಿದವರನ್ನೂ ಕಂಡಿಲ್ಲ ಎಂದು ಬರೆದಿಟ್ಟರು. ಅಂಥ ಉಸ್ತಾದರೇ ಹಾಗೆ ಹೇಳಿರುವಾಗ, ಮೂರು ತಿಂಗಳಲ್ಲಿ ಕ್ಯಾನ್ಸರ್ ಮಾಯ ಎಂದು ಗೋಡೆಯ ಮೇಲೆ ಬರೆಸುವವನು ಹಕೀಮನಲ್ಲ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ.

ಕಲೌಂಜಿಯ ಬಗ್ಗೆ ಬಂದಿರುವ ಹದೀಸನ್ನು ನಾನು ನಂಬುತ್ತೇನೆ. ಅದೇ ಪ್ರವಾದಿವರ್ಯರು(ಸ) ಉಬೈ ಬಿನ್ ಕಅಬ್(ರ) ಅವರ ಬಳಿಗೆ ವೈದ್ಯನನ್ನು ಕಳಿಸಿದ್ದನ್ನೂ, ಆತ ನರ ಕತ್ತರಿಸಿ ಸುಟ್ಟು ಚಿಕಿತ್ಸೆ ಮಾಡಿದ್ದನ್ನೂ ಸಹೀಹ್ ಮುಸ್ಲಿಮ್‌ನಲ್ಲಿ ಓದುತ್ತೇನೆ. ಕಲೌಂಜಿ ತಿನ್ನಿ, ಆಪರೇಷನ್ನಿನ ತಾರೀಖು ಮುಂದೂಡಬೇಡಿ.

ಹಾಗಾದರೆ ನನ್ನ ಪಾಲೇನು? ಆಪರೇಷನ್ ಆದ ರೋಗಿಗೆ ಹಸಿವಿರುವುದಿಲ್ಲ, ನಿದ್ದೆ ಬರುವುದಿಲ್ಲ, ನೋವಿನ ಮಾತ್ರೆಗಳಿಂದ ಮಲಬದ್ಧತೆ ಆಗುತ್ತದೆ. ಇವುಗಳಲ್ಲಿ ಆಹಾರ ಕ್ರಮದಿಂದ, ಸೌಮ್ಯ ಔಷಧಿಗಳಿಂದ ಸಹಾಯ ಮಾಡುತ್ತೇನೆ, ಅದೂ ಕ್ಯಾನ್ಸರ್ ವೈದ್ಯರಿಗೆ ಚೀಟಿ ಬರೆದು ತಿಳಿಸಿಯೇ. ಕುಷ್ತಾಗಳನ್ನು, ಹೆಸರಿಲ್ಲದ ಪುಡಿಗಳನ್ನು ಕೊಡುವುದಿಲ್ಲ. ಇಮ್ಯುನೋಥೆರಪಿ ಔಷಧಿಗಳಿಂದ ಯಕೃತ್ತು, ಕರುಳು ಉರಿಯೂತಕ್ಕೆ ಒಳಗಾಗಬಹುದು. ಅದರ ಜೊತೆ ಗೊತ್ತಿಲ್ಲದ ಪುಡಿ ಸೇರಿದರೆ ತೊಂದರೆ ಯಾವುದರಿಂದ ಬಂತು ಎಂದು ಯಾರಿಗೂ ತಿಳಿಯದು.

ಎಲ್ಲಿಗೆ ಹೋಗಬೇಕು?

ಜಗಳೂರಿನವರಿಗೆ ಮೊದಲ ದಾರಿ ದಾವಣಗೆರೆ. ಜಿಲ್ಲಾ ಚಿಗಟೇರಿ ಆಸ್ಪತ್ರೆಯಲ್ಲಿ, ಬಾಪೂಜಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗಗಳಿವೆ. ಮೆಲನೋಮ ಎಂದು ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಜನ ಕಿದ್ವಾಯಿ ಎಂದಷ್ಟೇ ಕರೆಯುತ್ತಾರೆ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಇದು. ಬಿಪಿಎಲ್ ಕಾರ್ಡಿದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಮಾಡಿಸಿಕೊಳ್ಳಿ. ಆಧಾರ್, ರೇಷನ್ ಕಾರ್ಡುಗಳಲ್ಲಿ ಹೆಸರಿನ ಅಕ್ಷರ ಒಂದೇ ತೆರನಾಗಿದೆಯೇ ನೋಡಿ. ನಮ್ಮವರ ಹೆಸರುಗಳು ಒಂದೊಂದು ಕಾರ್ಡಿನಲ್ಲಿ ಒಂದೊಂದು ತರ ಇರುತ್ತವೆ, ಕೌಂಟರಿನಲ್ಲಿ ದಿನ ಹೋಗುವುದು ಅಲ್ಲಿಯೇ. ದಾವಣಗೆರೆಯಿಂದ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಟಿಕೆಟ್ಟಿನಲ್ಲಿ ರಿಯಾಯಿತಿಯಿದೆ, ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಹೆಣ್ಣುಮಕ್ಕಳು ತೊಡೆಸಂದು ತೋರಿಸಲು ಸಂಕೋಚಪಟ್ಟರೆ ಮಹಿಳಾ ವೈದ್ಯರನ್ನು ಕೇಳಬಹುದು. ಸಿಗದಿದ್ದರೆ ಮಗಳನ್ನೋ ಅಕ್ಕನನ್ನೋ ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿ. ಚಿಕಿತ್ಸೆಯ ಅಗತ್ಯಕ್ಕೆ ತೋರಿಸಲು ಶರೀಅತ್‌ನಲ್ಲಿ ಅನುಮತಿಯಿದೆ.

ಕಸಿ ಮಾಡಿದ ಅಂಗಾಲಿಗೆ ನೀರು ತಾಗಿಸಬಾರದೆಂದು ವೈದ್ಯರು ಹೇಳಿದ ದಿನಗಳಲ್ಲಿ ಪಟ್ಟಿಯ ಮೇಲೆ ಒದ್ದೆ ಕೈಯಿಂದ ಮಸಹ್ ಮಾಡಬಹುದು. ವಿವರಕ್ಕೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿ. ಖಾಲಾ ಹಠ ಹಿಡಿದು ಪಟ್ಟಿ ಬಿಚ್ಚಿ ತೊಳೆದು ಒಮ್ಮೆ ಕಸಿಯ ಅಂಚು ಎಬ್ಬಿಸಿಕೊಂಡಿದ್ದರು. ಗಾಯ ಮಾಗಿದ ಮೇಲೆ ಮೊದಲ ಎರಡು ಮೂರು ವರ್ಷ, ಮೂರರಿಂದ ಆರು ತಿಂಗಳಿಗೊಮ್ಮೆ ತಪ್ಪದೆ ಪರೀಕ್ಷೆಗೆ ಹೋಗಬೇಕು. ನಡುವೆ ತಿಂಗಳಿಗೊಮ್ಮೆ ಮನೆಯಲ್ಲೇ ಗಾಯದ ಸುತ್ತ ಹೊಸ ಕಪ್ಪು ಚುಕ್ಕೆ, ಗಾಯದಿಂದ ತೊಡೆಸಂದಿನವರೆಗಿನ ದಾರಿಯಲ್ಲಿ ಹೊಸ ಗಂಟು ಇದೆಯೇ ಎಂದು ಬೆರಳಾಡಿಸಿ ನೋಡಿ. ಈಗ ನನ್ನ ದವಾಖಾನೆಯಲ್ಲಿ ಬಾಗಿಲ ಪಕ್ಕ ಒಂದು ಬಕೆಟ್ ನೀರು, ಒಂದು ಸಣ್ಣ ಸ್ಟೂಲು ಇದೆ. ಕಾಲಿನ ಯಾವ ತೊಂದರೆಯೆಂದು ಬಂದರೂ ಮೊದಲು ಎರಡೂ ಕಾಲು ತೊಳೆದು ಅಲ್ಲಿ ಕೂರಬೇಕು.